ಪಾಪರ್ ಚೀಟಿ ಯಾರಿಗೆ?

ಸಾಲ ತೀರಿಸಲಾಗದೆ ಕೋರ್ಟಿಗೆ ಹೋಗಿ ಕೈಯೆತ್ತಿದವನನ್ನು ನಮ್ಮ ಕಡೆ ‘ಪಾಪರ್ ಚೀಟಿ ತಗೊಂಡ’ ಅಂತಾರೆ. ಮಾತಿನಲ್ಲಿ ಅವಮಾನವಿದೆ. ಆದರೆ ಆ ಅವಮಾನವೂ ಉಳ್ಳವರಿಗೆ ಮಾತ್ರ ಸಿಗುವ ಒಂದು ಅನುಕೂಲ ಎಂಬುದು ನಮಗೆ ತಡವಾಗಿ ತಿಳಿಯಿತು. ಚೀಟಿ ತಗೊಂಡವನು ಮರುದಿನ ತನ್ನ ಜಗಲಿಯ ಮೇಲೆ ಕೂತು ಕಾಫಿ ಕುಡಿಯಬಹುದು. ಸಾಲ ಕೊಟ್ಟವನು ಬಂದು ಕೊರಳಪಟ್ಟಿ ಹಿಡಿಯುವಂತಿಲ್ಲ. ನಮ್ಮ ಕೇರಿಯಲ್ಲಿ ಯಾರಾದರೂ ಈ ಚೀಟಿ ತಗೊಂಡದ್ದುಂಟಾ ಎಂದು ಅವ್ವನನ್ನು ಕೇಳಿದೆವು. ಅವ್ವ ನಕ್ಕಳು. ‘ನಮ್ಗ್ಯಾರು ಕೊಡ್ತಾರೆ ಚೀಟಿಯ? ನಮ್ದು ಸಾಲ ಅಲ್ಲ ಕಣ್ಮಗ, ಮುಂಗಡ’ ಅಂದಳು.

ಸಾಲ ಬೇರೆ, ಮುಂಗಡ ಬೇರೆ. ಈ ಬೆಟ್ಟಗಳ ಚರಿತ್ರೆಯೆಲ್ಲ ಆ ಎರಡು ಮಾತಿನ ನಡುವೆ ಇದೆ.

ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದು ಹೆಸರಿದ್ದ ಕಾಲದಲ್ಲಿ ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್ ಬರೆದ. 1877ರಲ್ಲಿ ಒಮ್ಮೆ, 1897ರಲ್ಲಿ ಮತ್ತೊಮ್ಮೆ ಅದು ಅಚ್ಚಾಯಿತು. ಮಲೆನಾಡಿನ ಹೊಲೆಯರ ವಿಷಯ ಬಂದಾಗ ಅದರಲ್ಲಿ ಎರಡು ಪದ ಸಿಗುತ್ತವೆ: ಹುಟ್ಟಾಳು, ಮಣ್ಣಾಳು. ಹುಟ್ಟಾಳು ಒಡೆಯನ ಮನೆಯಲ್ಲೇ ಹುಟ್ಟಿದ ಆಳು. ಮಣ್ಣಾಳು ಜಮೀನಿಗೆ ಅಂಟಿದ ಆಳು. ಬೇರೆ ಜಾತಿಯವರ ವಂಶಾವಳಿಯಲ್ಲಿ ಋಷಿಗಳಿದ್ದಾರೆ, ರಾಜರಿದ್ದಾರೆ. ನಮ್ಮ ವಂಶಾವಳಿ ಈ ಎರಡು ಪದ.

ಕಂಪನಿ ಸರಕಾರ 1843ರಲ್ಲಿ ಒಂದು ಕಾಯಿದೆ ಮಾಡಿ, ಮನುಷ್ಯನ ಮೇಲೆ ಮನುಷ್ಯನಿಗಿರುವ ಒಡೆತನವನ್ನು ತನ್ನ ಸೀಮೆಯ ಕೋರ್ಟುಗಳು ಮಾನ್ಯ ಮಾಡುವುದಿಲ್ಲ ಎಂದಿತು. ಒಳ್ಳೆಯದೇ. ಆದರೆ ಅದೇ ಕಾಲಕ್ಕೆ ಬಾಬಾಬುಡನ್ ಗಿರಿಯ ಸುತ್ತ, ಮೂಡಿಗೆರೆಯ ಕಡೆ ಬಿಳಿ ದೊರೆಗಳ ಕಾಫಿ ತೋಟಗಳು ಎದ್ದವು. ಕಾಡು ಕಡಿಯಲು ಆಳು ಬೇಕು, ಗುಂಡಿ ತೋಡಲು ಆಳು ಬೇಕು, ಹಣ್ಣು ಕೊಯ್ಯಲು ಆಳು ಬೇಕು. ಒಡೆತನದ ಹಗ್ಗ ಹೋದ ಮೇಲೆ ಆಳನ್ನು ಹಿಡಿದಿಡುವುದು ಹೇಗೆ? ಅದಕ್ಕೆ ಸಿಕ್ಕಿದ್ದು ಮುಂಗಡದ ಹಗ್ಗ. ಮೇಸ್ತ್ರಿ ಹಳ್ಳಿಗೆ ಹೋಗಿ ಮದುವೆಗೋ ಕಾಯಿಲೆಗೋ ಕಾಸು ಕೊಟ್ಟು, ಸಂಸಾರ ಸಮೇತ ಆಳುಗಳನ್ನು ಲೈನ್ ಮನೆಗೆ ತಂದು ತುಂಬಿದ.

ಮುಂಗಡ ತಿಂದವನು ಓಡಿಹೋದರೆ? ಅದಕ್ಕೂ ಕಾಯಿದೆ ಬಂತು: 1859ರ ಹದಿಮೂರನೇ ಕಾಯಿದೆ. ಮುಂಗಡ ಪಡೆದು ಕೆಲಸ ಬಿಟ್ಟವನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಬೇಕು. ದುಡ್ಡು ವಾಪಸು ಕೊಡಬೇಕು, ಇಲ್ಲ ಕೆಲಸ ಮಾಡಬೇಕು, ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮೊದಲು ಕಲ್ಕತ್ತ, ಮದರಾಸು, ಬೊಂಬಾಯಿ ನಗರಗಳಿಗೆಂದು ಮಾಡಿದ ಈ ಕಾಯಿದೆ ತೋಟದ ಸೀಮೆಗಳಿಗೂ ಹಬ್ಬಿತು. ಇದನ್ನು ರದ್ದು ಮಾಡಲು 1925ರವರೆಗೆ ಕಾಯಬೇಕಾಯಿತು.

ಅದೇ ಕಾಲದಲ್ಲಿ ವ್ಯಾಪಾರಿಗಳ ಸಾಲಕ್ಕೆ ಏನು ಮಾಡಿದರು ನೋಡಿ. ಆ ಮೂರು ನಗರಗಳಲ್ಲಿ ದಿವಾಳಿಯೆದ್ದ ಸಾಹುಕಾರರಿಗೆಂದು 1848ರಲ್ಲೇ ಕಾಯಿದೆಯಿತ್ತು. ಬ್ರಿಟಿಷ್ ಇಂಡಿಯಾದ ಉಳಿದ ಪ್ರಾಂತ್ಯಗಳಿಗೆಂದು 1920ರಲ್ಲಿ ಪ್ರಾಂತೀಯ ದಿವಾಳಿ ಕಾಯಿದೆ ಬಂತು. ಅದರ ಹತ್ತನೇ ಕಲಂ ಓದಿ ನಾವು ದಂಗಾದೆವು. ಸಾಲಗಾರ ತಾನಾಗಿ ದಿವಾಳಿ ಅರ್ಜಿ ಹಾಕಬೇಕಾದರೆ ಅವನ ಸಾಲ 500 ರೂಪಾಯಿಯಾದರೂ ಇರಬೇಕು. ಇಲ್ಲವೇ ಅವನು ಸಾಲದ ಡಿಕ್ರಿಗೆ ಸೆರೆ ಸಿಕ್ಕಿರಬೇಕು, ಅವನ ಆಸ್ತಿ ಜಪ್ತಿಯಾಗಿರಬೇಕು. ಆಗ ಕೂಲಿ ದಿನಕ್ಕೆ ಆಣೆಗಳ ಲೆಕ್ಕ. ಐನೂರು ರೂಪಾಯಿ ಸಾಲ ನಂಬಿ ನಮಗೆ ಕೊಡುವವರು ಯಾರಿದ್ದರು? ಅಂದರೆ, ನಮ್ಮ ಸಾಲ ದಿವಾಳಿಯಾಗುವಷ್ಟು ದೊಡ್ಡದಿರಲಿಲ್ಲ. ಜೀತ ಮಾಡುವಷ್ಟು ಮಾತ್ರ ದೊಡ್ಡದಿತ್ತು!

ಬಡವನಿಗೂ ಒಂದು ಪಾಪರ್ ಚೀಟಿ ಬರೆದದ್ದು 1975ರ ಅಕ್ಟೋಬರಿನಲ್ಲಿ. ತುರ್ತುಪರಿಸ್ಥಿತಿಯ ಕತ್ತಲಲ್ಲೇ ಬಂದ ಜೀತ ನಿರ್ಮೂಲನ ಸುಗ್ರೀವಾಜ್ಞೆ 1976ರಲ್ಲಿ ಕಾಯಿದೆಯಾಯಿತು. ಜೀತದ ಸಾಲ ತೀರಿಸುವ ಹೊಣೆ ಇನ್ನಿಲ್ಲ ಎನ್ನುತ್ತದೆ ಅದರ ಆರನೇ ಕಲಂ. ಅಂಥ ಸಾಲವನ್ನು ವಸೂಲು ಮಾಡುವುದೇ ಅಪರಾಧ ಎನ್ನುತ್ತದೆ ಒಂಬತ್ತನೇ ಕಲಂ. ಅದೇ 1976ರಲ್ಲಿ ದೇವರಾಜ ಅರಸರ ಸರಕಾರ ಭೂಹೀನ ಕೂಲಿಗಳ, ಸಣ್ಣ ರೈತರ ಖಾಸಗಿ ಸಾಲಕ್ಕೆ ಋಣಪರಿಹಾರ ಕಾಯಿದೆ ತಂದಿತು. ಗದ್ದೆಯ ಜೀತ ಅಲ್ಲಲ್ಲಿ ಕಳಚಿತು, ನಿಜ. ತೋಟದ ಮುಂಗಡ ಕಳಚಲಿಲ್ಲ. ಅದರ ಹೆಸರು ಜೀತ ಅಲ್ಲವಲ್ಲ! ರೈಟರ ಪುಸ್ತಕದಲ್ಲಿ ಅದು ಅಡ್ವಾನ್ಸು. ಮುಂಗಡ ಕೊಟ್ಟು, ಆಳು ಬೇರೆ ಕಡೆ ಕೆಲಸಕ್ಕೆ ಹೋಗದಂತೆ ಕಟ್ಟಿಹಾಕಿದರೆ ಅದೂ ಜೀತವೇ ಎಂದು ಕಾಯಿದೆ ಬಿಡಿಸಿ ಹೇಳಿದೆ. ಲೈನ್ ಮನೆಯಲ್ಲಿ ಕೂತು ಅದನ್ನು ಓದಿ ಹೇಳುವವರು ಇರಲಿಲ್ಲ, ಅಷ್ಟೆ.

ಸಾಹುಕಾರನ ಮುಂಗಡ ಬೇಡವೆಂದರೆ ಕೂಲಿಯವನಿಗೆ ತನ್ನದೇ ಎರಡು ಕಾಸು ಕೂಡಿಡಲು ಜಾಗ ಬೇಕು. 1969ರ ಜುಲೈ 19ರಂದು ಇಂದಿರಾ ಗಾಂಧಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಅದೇ ಇಂದಿರಮ್ಮನನ್ನು 1978ರ ಉಪಚುನಾವಣೆಯಲ್ಲಿ ಚಿಕ್ಕಮಗಳೂರು ಗೆಲ್ಲಿಸಿ ದಿಲ್ಲಿಗೆ ಕಳಿಸಿತು. ವೋಟು ಹಾಕಲು ನಮ್ಮವರಿಗೆ ಯಾರ ಪರಿಚಯವೂ ಬೇಕಾಗಲಿಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಮಾತ್ರ ಬೇಕಾಯಿತು: ಅಲ್ಲಿ ಮೊದಲೇ ಖಾತೆಯಿದ್ದವರು ಸಹಿ ಹಾಕಬೇಕು. ಖಾತೆಯಿದ್ದವರು ಯಾರು? ಸಾಹುಕಾರರು, ಹೆಚ್ಚೆಂದರೆ ರೈಟರು. ಯಾವನ ಮುಂಗಡದಿಂದ ಬಿಡಿಸಿಕೊಳ್ಳಬೇಕೋ ಅವನ ಸಹಿಯೇ ಬೇಕು.

ಆ ಬಾಗಿಲು ಸಡಿಲವಾದದ್ದು ನಿಧಾನಕ್ಕೆ. 2005ರಲ್ಲಿ ರಿಸರ್ವ್ ಬ್ಯಾಂಕು ಕನಿಷ್ಠ ಠೇವಣಿ ಇಲ್ಲದ ಇಲ್ಲವೇ ತೀರ ಕಡಿಮೆ ಠೇವಣಿಯ ಖಾತೆ ತೆರೆಯಿರಿ ಎಂದಿತು. 2012ರ ಆಗಸ್ಟಿನಲ್ಲಿ, ಮೂಲ ಉಳಿತಾಯ ಖಾತೆ ಎಲ್ಲರಿಗೂ ಸಿಗಬೇಕು, ಒಂದು ಪೈಸೆ ಇಡದಿದ್ದರೂ ನಡೆಯಬೇಕು ಎಂದಿತು. 2014ರ ಆಗಸ್ಟಿನಲ್ಲಿ ಜನಧನ ಬಂತು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ, ಅಲ್ಲಿಯವರೆಗೆ ನಮ್ಮವರ ಖಾತೆಯ ಬಗ್ಗೆ ತಲೆ ಕೆಡಿಸಿಕೊಳ್ಳದ ತೋಟಗಳೂ ಕೂಲಿಗಳ ಪಾಸ್‌ಬುಕ್ಕು ಕೇಳತೊಡಗಿದವು.

ಅವ್ವನ ಬಟವಾಡೆಯೂ ಬ್ಯಾಂಕಿಗೆ ಬೀಳತೊಡಗಿತು. ಕಳಸದ ಸಂತೆಗೆಂದು ಹೋದವಳು ಮೊದಲು ಬ್ಯಾಂಕಿಗೆ ಹೋದಳು. ಹೆಬ್ಬೆಟ್ಟು ಒತ್ತಿದಳು. ದುಡ್ಡಿಲ್ಲ. ಅದೇ ಬ್ಯಾಂಕಿನಲ್ಲಿ ಅಪ್ಪನ ಕಾಯಿಲೆಗೆಂದು ತೆಗೆದ ಸಾಲದ ಕಂತು ಬಾಕಿಯಿತ್ತು. ಕೂಲಿ ಬಿದ್ದ ಕೂಡಲೇ ಮುರಿದುಕೊಂಡಿದ್ದರು. ಖಾಲಿ ಚೀಲ ಹಿಡಿದು ಬಂದು ಪಾಸ್‌ಬುಕ್ಕನ್ನು ನಮ್ಮ ಮುಂದೆ ಹಾಕಿದಳು. ‘ಓದಪ್ಪ, ಬಿ.ಎ. ಮಾಡಿದಿಯಲ್ಲ. ಸಾವ್ಕಾರ ಆದ್ರೆ ಸಂತೆಗೆ ಅಂತ ಇಷ್ಟು ಕೊಟ್ಟು ಮುರ್ಕತಿದ್ದ. ಇವ್ರು ಅಷ್ಟೂ ಮುರ್ಕಂಡವ್ರೆ’ ಅಂದಳು. ನಾವು ಓದಿದೆವು. ಉತ್ತರ ಹೇಳಲಾಗಲಿಲ್ಲ. ಈ ಬರಹ ಹುಟ್ಟಿದ್ದು ಆ ಸಂಜೆ.

ಆಮೇಲೆ ಹುಡುಕಿದಾಗ ಸಿಕ್ಕಿದ್ದು ಇಷ್ಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಡಿಕ್ರಿ ಇದ್ದರೂ ಕೂಲಿಕಾರನ ಕೂಲಿಯನ್ನು ಕೋರ್ಟು ಜಪ್ತಿ ಮಾಡುವಂತಿಲ್ಲ. ಆದರೆ ಬ್ಯಾಂಕಿಗೆ ಕೋರ್ಟೇ ಬೇಕಿಲ್ಲ. ತನ್ನ ಬಾಕಿಗೆ ಗಿರಾಕಿಯ ಸ್ವತ್ತನ್ನು ತಡೆಹಿಡಿಯುವ ಹಕ್ಕನ್ನು 1872ರ ಕರಾರು ಕಾಯಿದೆಯ 171ನೇ ಕಲಂ ಅದಕ್ಕೆ ಕೊಟ್ಟಿದೆ. ಸಾಲವನ್ನು ಠೇವಣಿಗೆ ವಜಾ ಹಾಕಿಕೊಳ್ಳುವ ರೂಢಿಯೂ ಇದೆ. ನ್ಯಾಯಾಧೀಶ ಮುಟ್ಟಬಾರದ ಕೂಲಿಯನ್ನು ಗುಮಾಸ್ತ ಮುಟ್ಟಬಹುದು! 2024ರ ಮೇ ತಿಂಗಳಲ್ಲಿ ರೈತರ ಬರಪರಿಹಾರವನ್ನೇ ಬ್ಯಾಂಕುಗಳು ಸಾಲಕ್ಕೆ ಮುರಿದುಕೊಂಡ ದೂರುಗಳೆದ್ದು, ಹಾಗೆ ಮಾಡಬೇಡಿ ಎಂದು ಸರಕಾರ ಹೇಳಬೇಕಾಯಿತು. ಕೂಲಿಯವರ ಬಟವಾಡೆಗೆ ಹಾಗೆ ಹೇಳುವವರು ಯಾರು?

ಆದ್ದರಿಂದ ಕೇರಿಯವರಿಗೆ ನಾವು ಈಗ ಹೇಳುವುದು ಇದು: ಸಾಲ ಒಂದು ಬ್ಯಾಂಕಿನಲ್ಲಿದ್ದರೆ ಕೂಲಿಯ ಖಾತೆ ಇನ್ನೊಂದರಲ್ಲಿರಲಿ. ಮೂಲ ಖಾತೆ ಕೇಳಿ. ಅದು ಉಳಿತಾಯದ ಖಾತೆ, ಸಾಲದ ಅರ್ಜಿಯಲ್ಲ. ಕಾಗದಪತ್ರ ಇಲ್ಲದವರಿಗೆ, ಅಧಿಕಾರಿಯ ಎದುರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ಫೋಟೋ ಕೊಟ್ಟು ತೆರೆಯುವ ಸಣ್ಣ ಖಾತೆಯೆಂಬ ವ್ಯವಸ್ಥೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿದೆ. ಸಾಲ ತಪ್ಪಿಸಿಕೊಳ್ಳಿ ಎಂದು ಹೇಳುತ್ತಿಲ್ಲ. ಉಂಡು ಉಳಿದದ್ದರಲ್ಲಿ ಸಾಲ ತೀರಿಸಿ, ಉಣ್ಣುವುದನ್ನೇ ಕೊಡಬೇಡಿ ಎನ್ನುತ್ತಿದ್ದೇವೆ.

ಇನ್ನು ಪಾಪರ್ ಚೀಟಿಯ ಮಾತು. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ಕಂಪನಿಯೊಂದು ಅದರೊಳಗೆ ಹೋದರೆ ಸಾಲ ಕೊಟ್ಟವರ ವಸೂಲಿಗೆಲ್ಲ ತಡೆ ಬೀಳುತ್ತದೆ. ನಮ್ಮ ಬೆಟ್ಟದಲ್ಲೇ ಬೆಳೆದ ಕಾಫಿ ಡೇಯ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ಸಾಲದ ಹೊರೆಯ ನಡುವೆ ನೇತ್ರಾವತಿಯಲ್ಲಿ ಶವವಾಗಿ ಸಿಕ್ಕರು. ಯಾರ ಸಾವನ್ನೂ ನಾವು ಹಂಗಿಸುವವರಲ್ಲ. 2024ರ ಆಗಸ್ಟಿನಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ ವಿರುದ್ಧ ದಿವಾಳಿ ಪ್ರಕ್ರಿಯೆಗೆ ನ್ಯಾಯಮಂಡಳಿ ಆದೇಶ ಕೊಟ್ಟಿತು, ಮೇಲ್ಮನವಿಯ ಮಂಡಳಿ ಅದಕ್ಕೆ ತಡೆ ಕೊಟ್ಟಿತು. ದೊಡ್ಡ ಸಾಲಕ್ಕೆ ಮೇಲೆ ಒಂದು ಬಾಗಿಲು, ಅದರ ಮೇಲೆ ಇನ್ನೊಂದು ಬಾಗಿಲು.

ಅದೇ ಸಂಹಿತೆಯಲ್ಲಿ ನಮಗಾಗಿಯೂ ಒಂದು ಅಧ್ಯಾಯ ಬರೆದಿದ್ದಾರೆ. ವರ್ಷದ ವರಮಾನ 60,000 ದಾಟದ, ಆಸ್ತಿ 20,000 ದಾಟದ, ಸಾಲ 35,000 ದಾಟದ, ಸ್ವಂತ ಮನೆಯಿಲ್ಲದ ಮನುಷ್ಯ ಸಾಲ ಕಳಚಿಕೊಂಡು ಹೊಸದಾಗಿ ಬದುಕು ಶುರುಮಾಡಬಹುದಂತೆ. ಲೈನ್ ಮನೆಯ ಮುಂದೆ ನಿಂತು ಅಳತೆ ತೆಗೆದು ಬರೆದಂತಿದೆ. 2019ರ ಡಿಸೆಂಬರಿನಿಂದ ಆ ಭಾಗವನ್ನು ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಜಾರಿ ಮಾಡಿದರು. ನಮ್ಮ ಅಧ್ಯಾಯ ಪುಸ್ತಕದಲ್ಲೇ ಉಳಿಯಿತು.

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಮೈಕ್ರೋಫೈನಾನ್ಸಿನವರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಲ್ಲಿ ನಿಂತು ಬೈಯುವವರನ್ನು ಅದು ತಡೆಯಬಹುದು. ನೋಂದಣಿಯಿಲ್ಲದವರು ಕೊಟ್ಟದ್ದನ್ನು ಬಿಟ್ಟರೆ ಸಾಲ ಹಾಗೇ ಇರುತ್ತದೆ.

ನಾವು ಕೇಳುವುದು ಎರಡೇ. ಪುಸ್ತಕದಲ್ಲಿ ಮಲಗಿರುವ ಅಧ್ಯಾಯವನ್ನು ಎಬ್ಬಿಸಿ, ಅದರ ಅಂಕಿಗಳನ್ನು ಇವತ್ತಿನ ಬದುಕಿಗೆ ತಕ್ಕಂತೆ ಏರಿಸಿ ಜಾರಿಗೆ ಕೊಡಿ. ಕೂಲಿ ಬೀಳುವ ಖಾತೆಗೆ ಯಾವ ಬಾಕಿಯ ಕೈಯೂ ಬರಕೂಡದೆಂದು ಕಾಯಿದೆ ಮಾಡಿ. ಹುಟ್ಟಾಳಿನ ಮೊಮ್ಮಕ್ಕಳು ಈಗ ಕಾಯಿದೆ ಓದುತ್ತಿದ್ದಾರೆ. ಅವ್ವ ಈಗ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಾಳೆ. ಸಂತೆಯ ದಿನ ಅವಳ ಚೀಲ ತುಂಬಿ ಬರುತ್ತದೆ, ಸಾಲದ ಕಂತನ್ನು ತಾನೇ ಎಣಿಸಿ ಕಟ್ಟುತ್ತಾಳೆ.