ಪೋಲೀಸಿನ ಅಧಿಕಾರವೂ ಪ್ರಜೆಯ ಸ್ವಾತಂತ್ರ್ಯವೂ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಆದರೆ ಆ ಭಯದಿಂದ ಬೇಲಿಯೇ ಬೇಡವೆಂದು ಹೇಳಿದ ರೈತನನ್ನು ನಾವು ಕಂಡಿಲ್ಲ. ರಾಜ್ಯವ್ಯವಸ್ಥೆಯಲ್ಲಿಯೂ ಹಾಗೆಯೇ. ದುಷ್ಟರನ್ನು ಹಿಡಿಯುವ ಕೈಗೆ ಬಲವಿಲ್ಲದಿದ್ದರೆ ಸಾಧುಗಳಿಗೆ ಬಾಳುವೆಯಿಲ್ಲ. ಆ ಕೈಗೆ ಹಿಡಿತವೇ ಇಲ್ಲದಿದ್ದರೆ ಸಾಧುವೂ ದುಷ್ಟನೂ ಒಂದೇ ಆಗುವರು. ದಂಡವು ಅತಿ ತೀಕ್ಷ್ಣವಾದರೆ ಪ್ರಜೆಗಳು ನಡುಗುವರು, ಅತಿ ಮೃದುವಾದರೆ ತಿರಸ್ಕರಿಸುವರು, ಯಥಾರ್ಹವಾದರೆ ಗೌರವಿಸುವರು ಎಂದು ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಮೊದಲಲ್ಲಿಯೇ ಹೇಳಿದ್ದಾನೆ. ಮಾತು ಸತ್ಯ. ಆದರೆ ಯಾವುದು ಯಥಾರ್ಹ, ಅದನ್ನು ನಿರ್ಣಯಿಸತಕ್ಕವರು ಯಾರು? ರಾಜತಂತ್ರದಲ್ಲಿ ಅದು ರಾಜನ ವಿವೇಕಕ್ಕೆ ಸೇರಿದ್ದು. ಸ್ವತಂತ್ರ ಸಮಾಜದಲ್ಲಿ ಅದನ್ನು ಪ್ರಜೆಗಳೇ ವಾದಮಾಡಿ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.

ಈ ವಾದವನ್ನು ಬಹುಕಾಲ ಬಹಿರಂಗವಾಗಿ ನಡೆಸಿದ ಜನರಲ್ಲಿ ಇಂಗ್ಲೆಂಡಿನವರು ಮುಖ್ಯರಾದವರು. ನಮ್ಮ ನ್ಯಾಯಸ್ಥಾನಗಳ, ಕಾಯಿದೆಗಳ, ಪೋಲೀಸಿನ ಮೂಲವು ಬಹುಮಟ್ಟಿಗೆ ಆ ದೇಶದ್ದಾದುದರಿಂದ, ಅಲ್ಲಿ ಸುಮಾರು ಎಪ್ಪತ್ತು ವರ್ಷಗಳ ಕಾಲ ನಡೆದ ಆ ವಾಗ್ವಾದವನ್ನು ಸ್ವಲ್ಪ ವಿವರವಾಗಿ ನೋಡುವುದು ನಮಗೆ ಉಪಯುಕ್ತವಾದೀತು.

ಹದಿನೆಂಟನೆಯ ಶತಮಾನದ ಲಂಡನ್ ನಗರದಲ್ಲಿ ಇಂದಿನ ಅರ್ಥದ ಪೋಲೀಸು ಇರಲಿಲ್ಲ. ಪ್ರತಿಯೊಂದು ಪ್ಯಾರಿಷಿನ ಗೃಹಸ್ಥರು ಸರದಿಯ ಮೇಲೆ, ಸಂಬಳವಿಲ್ಲದೆ, ಕಾನ್‌ಸ್ಟೇಬಲ್ ಕೆಲಸವನ್ನು ನಿರ್ವಹಿಸಬೇಕಾಗಿತ್ತು. ಅನುಕೂಲವುಳ್ಳವರು ತಮಗೆ ಬದಲಾಗಿ ಯಾರನ್ನಾದರೂ ಕೂಲಿಗೆ ಗೊತ್ತುಮಾಡುತ್ತಿದ್ದರು. ರಾತ್ರಿಯ ಗಸ್ತಿನವರು ಕೈಯಲ್ಲೊಂದು ಲಾಂದ್ರ, ಒಂದು ಕೋಲು ಹಿಡಿದು, ಗಂಟೆಗಳನ್ನು ಕೂಗಿ ಹೇಳುತ್ತ ಬೀದಿ ಸುತ್ತುತ್ತಿದ್ದರು. ಕಳ್ಳರನ್ನು ಹಿಡಿಯುವ ಸಾಮರ್ಥ್ಯ ಕಡಮೆಯಾದಷ್ಟೂ ಶಿಕ್ಷೆಯ ಕ್ರೌರ್ಯ ಹೆಚ್ಚಿತು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇನ್ನೂರಕ್ಕೂ ಹೆಚ್ಚಿನ ಅಪರಾಧಗಳಿಗೆ ಮರಣದಂಡನೆ ವಿಧಿಸಬಹುದಾಗಿತ್ತು. ಆದರೂ ಸಂಬಳ ಪಡೆಯುವ ಸರ್ಕಾರೀ ಪೋಲೀಸಿನ ಹೆಸರೆತ್ತಿದರೆ ಸಾಕು, ಆಂಗ್ಲರು ಕೆರಳುತ್ತಿದ್ದರು. ಪೋಲೀಸ್ ಎಂಬ ಶಬ್ದವೇ ಅವರ ಕಿವಿಗೆ ಫ್ರಾನ್ಸಿನ ನಿರಂಕುಶಪ್ರಭುತ್ವದ ವಾಸನೆಯನ್ನು ತರುತ್ತಿತ್ತು.

ಈ ಅಸಹನೆಗೆ ಕಾರಣವಿರಲಿಲ್ಲವೆಂದು ಹೇಳಲಾಗದು. 1762ನೆಯ ನವೆಂಬರಿನಲ್ಲಿ ರಾಜನ ದೂತರು ಕೆಲವರು ಜಾನ್ ಎಂಟಿಕ್ ಎಂಬ ಲೇಖಕನ ಮನೆಯನ್ನು ಹೊಕ್ಕು, ನಾಲ್ಕು ಗಂಟೆಗಳ ಕಾಲ ಬಾಗಿಲು ಪೆಟ್ಟಿಗೆಗಳನ್ನು ಒಡೆದು, ಕಾಗದಪತ್ರಗಳನ್ನು ಹೊತ್ತುಕೊಂಡು ಹೋದರು. ಸರ್ಕಾರವನ್ನು ಟೀಕಿಸುವ ಪತ್ರಿಕೆಗೆ ಅವನು ಬರೆಯುತ್ತಿದ್ದನೆಂಬುದೇ ಆರೋಪ. ಮರುವರ್ಷ ಜಾನ್ ವಿಲ್ಕ್ಸನ ಪತ್ರಿಕೆಯ 45ನೆಯ ಸಂಚಿಕೆಯ ವಿಷಯದಲ್ಲಿ, ಯಾರ ಹೆಸರನ್ನೂ ಕಾಣಿಸದ ಒಂದು ಸಾಮಾನ್ಯ ವಾರಂಟಿನ ಬಲದಿಂದ 49 ಮಂದಿಯನ್ನು ಹಿಡಿದರು. ಎಂಟಿಕನು ಸುಮ್ಮನಿರಲಿಲ್ಲ, ತನ್ನ ಮನೆ ಹೊಕ್ಕ ದೂತರ ಮೇಲೆಯೇ ದಾವಾ ಹೂಡಿದನು. 1765ರಲ್ಲಿ ತೀರ್ಪು ಕೊಟ್ಟ ಮುಖ್ಯ ನ್ಯಾಯಾಧೀಶ ಕ್ಯಾಮ್ಡನ್ ಪ್ರಭುವಿನ ತರ್ಕ ಬಹು ಸರಳವಾದುದು. ಪ್ರಜೆಯ ಮನೆ ಹೊಗುವ ಅಧಿಕಾರ ತನಗುಂಟೆಂದು ಹೇಳುವವನು ಅದಕ್ಕೆ ಆಧಾರವಾದ ಕಾನೂನನ್ನು ತೋರಿಸಬೇಕು. ಗ್ರಂಥಗಳಲ್ಲಿ ಆ ಕಾನೂನು ಇಲ್ಲವಾದರೆ ಅಂಥ ಅಧಿಕಾರವೂ ಇಲ್ಲ. ರಾಜ್ಯದ ಅಗತ್ಯವೆಂಬ ಮಾತು ಕಾನೂನಿನ ಕೊರತೆಯನ್ನು ತುಂಬಲಾರದು. ಎಂಟಿಕನಿಗೆ 300 ಪೌಂಡುಗಳ ಪರಿಹಾರ ದೊರೆಯಿತು. ಮಂತ್ರಿಯ ಆಜ್ಞೆಯಿಂದ ಬಂದೆವೆಂದ ದೂತರಿಗೆ ಆ ಆಜ್ಞೆ ರಕ್ಷೆಯಾಗಲಿಲ್ಲ. ಈ ಅಂಶವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹದಿನೈದು ವರ್ಷಗಳೊಳಗೆ ನಾಣ್ಯದ ಮತ್ತೊಂದು ಮುಖವೂ ಕಾಣಿಸಿತು. 1780ನೆಯ ಜೂನ್ ತಿಂಗಳಲ್ಲಿ ಮತದ್ವೇಷದಿಂದ ಹೊತ್ತಿದ ಗಾರ್ಡನ್ ದಂಗೆಯಲ್ಲಿ ಲಂಡನ್ ನಗರವು ಕೆಲವು ದಿನಗಳ ಕಾಲ ಪುಂಡರ ವಶವಾಯಿತು. ಕ್ಯಾಥೊಲಿಕರ ಮನೆ ಪ್ರಾರ್ಥನಾಮಂದಿರಗಳು ಉರಿದವು. ನ್ಯೂಗೇಟ್ ಸೆರೆಮನೆಯೇ ಬೂದಿಯಾಯಿತು. ಕೊನೆಗೆ ಸೈನ್ಯವನ್ನು ಕರೆಸಿ ಗುಂಡು ಹಾರಿಸಬೇಕಾಗಿ ಬಂದು ನೂರಾರು ಮಂದಿ ಸತ್ತರು. ಲಾಂದ್ರದ ಗಸ್ತಿನವನಿಗೂ ಬಂದೂಕಿನ ಸಿಪಾಯಿಗೂ ನಡುವೆ ಬೇರೊಂದು ಸಾಧನವಿಲ್ಲದ ರಾಜ್ಯದ ಗತಿ ಇದು. 1785ರಲ್ಲಿ ಪಿಟ್ಟನ ಸರ್ಕಾರವು ಲಂಡನ್ನಿಗೆ ಒಂದು ಪೋಲೀಸು ಮಸೂದೆಯನ್ನು ತಂದಿತು. ನಗರದ ಅಧಿಕಾರಸ್ಥರೂ ಮ್ಯಾಜಿಸ್ಟ್ರೇಟರೂ ಅದನ್ನು ವಿರೋಧಿಸಿದ್ದರಿಂದ ಮಸೂದೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆಂಗ್ಲರು ತಮಗೆ ಬೇಡವೆಂದ ಅದೇ ಬಗೆಯ ಏರ್ಪಾಡು ಮರುವರ್ಷವೇ ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಬಂದಿತು.

1811ರ ಡಿಸೆಂಬರಿನಲ್ಲಿ ಪೂರ್ವ ಲಂಡನ್ನಿನ ರ‍್ಯಾಟ್‌ಕ್ಲಿಫ್ ರಸ್ತೆಯ ಬಳಿ ಹನ್ನೆರಡು ದಿನಗಳ ಅಂತರದಲ್ಲಿ ಎರಡು ಸಂಸಾರಗಳ ಏಳು ಮಂದಿ ಕೊಲೆಯಾದರು. ದೇಶವೆಲ್ಲ ತಲ್ಲಣಿಸಿತು. ಆಗಲೂ ಜಾನ್ ವಿಲಿಯಂ ವಾರ್ಡ್ ಎಂಬ ರಾಜಕಾರಣಿಯು ತನ್ನ ಪತ್ರವೊಂದರಲ್ಲಿ, ಮನೆಮನೆ ಶೋಧನೆಗೂ ಗೂಢಚಾರರಿಗೂ ನೆಪೋಲಿಯನ್ನನ ಪೋಲೀಸು ಮಂತ್ರಿ ಫೂಷೆಯ ತಂತ್ರಗಳಿಗೂ ಒಳಗಾಗುವುದಕ್ಕಿಂತ, ಮೂರು ನಾಲ್ಕು ವರ್ಷಗಳಿಗೊಮ್ಮೆ ಅರ್ಧ ಡಜನ್ ಜನರ ಕತ್ತು ಕೊಯ್ಯಲ್ಪಡುವುದೇ ತನಗೆ ಸಮ್ಮತವೆಂಬ ಅಭಿಪ್ರಾಯವನ್ನು ಬರೆದನು. ಈ ಮಾತನ್ನು ಓದಿದಾಗ ನಮಗೆ ಎರಡು ಭಾವಗಳು ಒಟ್ಟಿಗೆ ಹುಟ್ಟುತ್ತವೆ. ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕೆಂದು ತಿಳಿದಿದ್ದ ಧೈರ್ಯವನ್ನು ಮೆಚ್ಚಬೇಕು. ಆದರೆ ಕೊಯ್ಯಿಸಿಕೊಂಡ ಕತ್ತುಗಳು ಯಾರವು? ಎತ್ತರದ ಗೋಡೆಯೂ ಆಳುಕಾಳುಗಳೂ ಉಳ್ಳ ಪ್ರಭುಗಳವಲ್ಲ. ಬಟ್ಟೆಯಂಗಡಿಯವನದು, ಹೆಂಡದಂಗಡಿಯವನದು, ಅವರ ಮನೆಗೆಲಸದವರದು. ಒಬ್ಬರ ಸ್ವಾತಂತ್ರ್ಯಕ್ಕೆ ಮತ್ತೊಬ್ಬರು ಬೆಲೆ ತೆರುವ ಈ ಲೆಕ್ಕವನ್ನು ನ್ಯಾಯವೆನ್ನಲಾಗದು. ಹಾಗೆಂದು ಬಡವರು ಪೋಲೀಸನ್ನು ಬಯಸುತ್ತಿದ್ದರೆಂದೂ ಅಲ್ಲ. 1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಮೈದಾನದಲ್ಲಿ ಮತದಾನದ ಹಕ್ಕನ್ನು ಕೇಳಲು ಸೇರಿದ್ದ ನಿಶ್ಶಸ್ತ್ರ ಜನರ ಮೇಲೆ ಕುದುರೆಯ ಸವಾರರನ್ನು ಬಿಟ್ಟದ್ದನ್ನು ಅವರು ಮರೆತಿರಲಿಲ್ಲ. ಸರ್ಕಾರದ ಕೈಗೆ ಇನ್ನೊಂದು ಆಯುಧವೇಕೆ ಎಂದು ಅವರು ಕೇಳಿದರು.

1822ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಈ ಪ್ರಶ್ನೆಯನ್ನು ವಿಚಾರಿಸಿ, ಸಮರ್ಥವಾದ ಪೋಲೀಸನ್ನು ಸ್ವತಂತ್ರ ಸಮಾಜದ ನಿರಾತಂಕ ಬಾಳಿನೊಡನೆ ಹೊಂದಿಸುವುದು ಕಷ್ಟವೆಂದು ವರದಿಮಾಡಿತು. ಆ ಸಮಿತಿಯ ಅಧ್ಯಕ್ಷನಾಗಿದ್ದ ರಾಬರ್ಟ್ ಪೀಲನೇ ಏಳು ವರ್ಷಗಳ ಮೇಲೆ, ಗೃಹಮಂತ್ರಿಯಾಗಿ, ಅದನ್ನು ಹೊಂದಿಸುವ ಕಾಯಿದೆಯನ್ನು ತಂದನು. 1829ನೆಯ ಸೆಪ್ಟೆಂಬರ್ 29ರಂದು ಹೊಸ ಪೋಲೀಸಿನವರು ಲಂಡನ್ನಿನ ಬೀದಿಗಳಿಗೆ ಇಳಿದರು. ಜನರ ಶಂಕೆ ಏನೆಂಬುದು ಪೀಲನಿಗೆ ಗೊತ್ತಿತ್ತು. ಸಿಪಾಯಿಯ ಕೆಂಪು ಬಟ್ಟೆಗೆ ಪ್ರತಿಯಾಗಿ ನೀಲಿ ಕೋಟು, ತಲೆಗೆ ಸಾಮಾನ್ಯರು ಧರಿಸುವಂಥ ಎತ್ತರದ ಟೋಪಿ. ಬಂದೂಕಿಲ್ಲ, ಕತ್ತಿಯಿಲ್ಲ, ಕೋಟಿನ ಹಿಂಭಾಗದಲ್ಲಿ ಅಡಗಿಸಿಟ್ಟ ಒಂದು ಮರದ ದೊಣ್ಣೆ ಮಾತ್ರ. ಕೊರಳಪಟ್ಟಿಯ ಮೇಲೆ ಎಲ್ಲರಿಗೂ ಕಾಣುವಂತೆ ಸಂಖ್ಯೆ. ಇದು ಅಲಂಕಾರವಲ್ಲ, ತನ್ನನ್ನು ಪೀಡಿಸಿದವನು ಇಂಥವನೇ ಎಂದು ದಾರಿಹೋಕನು ಗುರುತು ಹೇಳುವುದಕ್ಕಾಗಿ. ಇಲಾಖೆಯ ಮೇಲಿನ ಇಬ್ಬರು ಕಮಿಷನರುಗಳಲ್ಲಿ ಚಾರ್ಲ್ಸ್ ರೋವನ್ ಸೇನಾಧಿಕಾರಿಯಾಗಿದ್ದವನು, ರಿಚರ್ಡ್ ಮೇನ್ ವಕೀಲ. ದಳವನ್ನು ನಡೆಸುವುದಕ್ಕೆ ಒಬ್ಬನು, ಕಾನೂನನ್ನು ನೆನಪಿಸುವುದಕ್ಕೆ ಮತ್ತೊಬ್ಬನು.

ಇಷ್ಟರಿಂದಲೇ ಜಗಳ ಮುಗಿಯಲಿಲ್ಲ. 1833ರಲ್ಲಿ ಎರಡು ಪ್ರಸಂಗಗಳು ನಡೆದವು. ಮೇ 13ರಂದು ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ಸೇರಿದ್ದ ಕಾರ್ಮಿಕರ ಸಭೆಯನ್ನು ಪೋಲೀಸಿನವರು ದೊಣ್ಣೆಗಳಿಂದ ಚದುರಿಸಿದರು. ಆ ಗಲಭೆಯಲ್ಲಿ ಕಲ್ಲಿ ಎಂಬ ಕಾನ್‌ಸ್ಟೇಬಲನು ಇರಿತದಿಂದ ಸತ್ತನು. ಮರಣವಿಚಾರಣೆಗೆ ಕುಳಿತ ಜ್ಯೂರಿಯವರು, ಚದುರಿಹೋಗಿರೆಂದು ಜನರಿಗೆ ಮೊದಲು ಕಾನೂನಿನಂತೆ ಸಾರಿ ಹೇಳದೆ ಪೋಲೀಸಿನವರು ಕ್ರೂರವಾಗಿ ನಡೆದುಕೊಂಡರೆಂಬ ಕಾರಣದಿಂದ ಅದನ್ನು ಸಮರ್ಥನೀಯ ಹತ್ಯೆಯೆಂದುಬಿಟ್ಟರು. ಮೇಲಿನ ನ್ಯಾಯಸ್ಥಾನವು ಆ ತೀರ್ಪನ್ನು ರದ್ದುಮಾಡಿತು; ರದ್ದುಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ತನ್ನ ಕೆಲಸ ಮಾಡುತ್ತಿದ್ದ ಬಡ ಜವಾನನ ಪ್ರಾಣಕ್ಕೂ ಬೆಲೆಯುಂಟು. ಎರಡನೆಯದು ಪೋಪೆ ಎಂಬ ಸಾರ್ಜೆಂಟನ ವಿಷಯ. ಇವನು ಚಿತ್ರಗಾರನ ವೇಷದಿಂದ ರಾಜಕೀಯ ಸಂಘವೊಂದನ್ನು ಸೇರಿ, ಅದರ ಸದಸ್ಯರ ಸ್ನೇಹ ಸಂಪಾದಿಸಿ, ಅವರನ್ನು ಉಗ್ರ ಮಾತುಗಳಿಗೆ ಪ್ರೇರಿಸುತ್ತ, ಅವರ ಮಾತುಗಳನ್ನು ಮೇಲಧಿಕಾರಿಗಳಿಗೆ ಮುಟ್ಟಿಸುತ್ತಿದ್ದನು. ಗುಟ್ಟು ಬಯಲಾದಾಗ ಸಂಘದವರು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟರು. ವಿಚಾರಣಾ ಸಮಿತಿ ಕುಳಿತಿತು, ಸಾಕ್ಷ್ಯವನ್ನು ಬಹಿರಂಗಪಡಿಸಿತು, ಪೋಪೆಯ ನಡತೆಯನ್ನು ಖಂಡಿಸಿತು, ಅವನು ಕೆಲಸ ಕಳೆದುಕೊಂಡನು. ಲಂಡನ್ ಪೋಲೀಸಿನಲ್ಲಿ ಪ್ರತ್ಯೇಕ ಪತ್ತೇದಾರರ ಶಾಖೆ ಹುಟ್ಟಿದ್ದು 1842ರಲ್ಲಿ, ಅದೂ ಎಂಟು ಜನರಿಂದ. ಹಿಂದಿನ ಜಗಳದ ನೆನಪು ಅಷ್ಟು ಬಲವಾಗಿತ್ತು.

ಇದರಿಂದ ನಮಗೆ ತೋರುವುದೇನೆಂದರೆ, ಪೋಲೀಸು ಬೇಕೆಂದವರೂ ಬೇಡವೆಂದವರೂ ಪೂರ್ತಿಯಾಗಿ ಗೆಲ್ಲಲಿಲ್ಲ, ಪೂರ್ತಿಯಾಗಿ ಸೋಲಲೂ ಇಲ್ಲ. ಪೋಲೀಸು ಬಂದಿತು, ಆದರೆ ವಿರೋಧಿಗಳ ಶಂಕೆಯೇ ಅದರ ರೂಪವನ್ನು ತಿದ್ದಿತು. ಅಧಿಕಾರ ಎಷ್ಟು ಎಂಬ ಪ್ರಶ್ನೆಗಿಂತ, ಆ ಅಧಿಕಾರ ನಡೆಸುವವನು ಯಾರಿಗೆ ಜವಾಬು ಹೇಳಬೇಕು ಎಂಬ ಪ್ರಶ್ನೆ ಮುಖ್ಯವಾಯಿತು.

ನಮ್ಮ ದೇಶಕ್ಕೆ ಬಂದ ಪೋಲೀಸು ಈ ವಾದದ ಕುಲುಮೆಯಲ್ಲಿ ಬೆಂದು ಬಂದುದಲ್ಲ. ಲಂಡನ್ನಿನ ಪೋಲೀಸನ್ನು ಕಟ್ಟುವುದಕ್ಕೆ ಮೊದಲು ಪೀಲನು ಐರ್ಲೆಂಡಿನ ಆಡಳಿತದಲ್ಲಿದ್ದು, 1814ರಲ್ಲಿ ಅಲ್ಲಿ ಶಾಂತಿರಕ್ಷಕ ದಳವೊಂದನ್ನು ಸ್ಥಾಪಿಸಿದ್ದನು. 1836ರಲ್ಲಿ ಏಕೀಕೃತವಾದ ಐರಿಷ್ ಕಾನ್‌ಸ್ಟಾಬ್ಯುಲರಿಯು ಬಂದೂಕು ಹಿಡಿದು, ಠಾಣ್ಯಗಳಲ್ಲಿ ವಾಸಿಸುತ್ತ, ಕೇಂದ್ರ ಸರ್ಕಾರದ ಆಜ್ಞೆಯಂತೆ ನಡೆಯುವ ದಳ. ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರನು 1843ರಲ್ಲಿ ಅಲ್ಲಿನ ಪೋಲೀಸಿಗೆ ಮಾದರಿಯಾಗಿಟ್ಟುಕೊಂಡದ್ದು ಐರ್ಲೆಂಡನ್ನು, ಲಂಡನ್ನನ್ನಲ್ಲ.

ಸುಧಾರಣೆ ಬೇಕಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಆಗ ಸೇರಿದ್ದ ಮದರಾಸು ಪ್ರಾಂತದಲ್ಲಿ 1855ರ ವಿಚಾರಣಾ ಆಯೋಗವು, ಕಂದಾಯ ವಸೂಲಿಗಾಗಿಯೂ ತಪ್ಪೊಪ್ಪಿಗೆಗಾಗಿಯೂ ರೈತರನ್ನು ಹಿಂಸಿಸುತ್ತಿದ್ದ ಬಗೆಯನ್ನು ಬಯಲುಮಾಡಿತು. ಕಿಟ್ಟಿಯೆಂಬ ಮರದ ಇಕ್ಕುಳದಲ್ಲಿ ಬೆರಳುಗಳನ್ನು ಅದುಮುವುದು, ದೇಹವನ್ನು ಬಗ್ಗಿಸಿ ಹಗ್ಗದಿಂದ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು ಅವುಗಳಲ್ಲಿ ಸೇರಿದ್ದವು. ಕಂದಾಯದ ಅಧಿಕಾರವೂ ಪೋಲೀಸಿನ ಅಧಿಕಾರವೂ ಒಂದೇ ಕೈಯಲ್ಲಿದ್ದುದರಿಂದ ದೂರು ಕೊಡಲು ಬೇರೆ ಬಾಗಿಲೇ ಇರಲಿಲ್ಲ. ಆಮೇಲೆ, 1857ರ ದಂಗೆಯ ನೆನಪು ಹಸಿಯಾಗಿರುವಾಗಲೇ, 1861ರ ಪೋಲೀಸು ಕಾಯಿದೆ ಹೊರಟಿತು. ದಳದ ಮೇಲ್ವಿಚಾರಣೆ ಸರ್ಕಾರದ್ದು; ಜಿಲ್ಲೆಯಲ್ಲಿ ಮ್ಯಾಜಿಸ್ಟ್ರೇಟನ ಹತೋಟಿ. ಪ್ರಜೆಗಳಿಂದ ಆರಿಸಲ್ಪಟ್ಟ ಸಭೆಯೇ ಇಲ್ಲದಿದ್ದಾಗ ಪ್ರಜೆಗೆ ಜವಾಬು ಹೇಳುವ ಮಾತೆಲ್ಲಿ? ತಾನು ನಿರ್ಮಿಸಿದ ಪೋಲೀಸನ್ನು ಆ ಸರ್ಕಾರವೂ ಪೂರ್ತಿಯಾಗಿ ನಂಬಲಿಲ್ಲ. ಪೋಲೀಸು ಅಧಿಕಾರಿಯ ಎದುರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ಮೇಲೆ ರುಜುವಾತಾಗಿ ಉಪಯೋಗಿಸಕೂಡದೆಂದು 1872ರ ಸಾಕ್ಷ್ಯದ ಕಾಯಿದೆ ವಿಧಿಸಿತು. ಆ ಕಾಯಿದೆ ಹೋಗಿ 2023ರಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ರಚಿತವಾದಾಗಲೂ ಈ ನಿಯಮವು ಉಳಿದುಕೊಂಡಿದೆ. ಒಂದೂವರೆ ಶತಮಾನದ ಅಪನಂಬಿಕೆ ಇನ್ನೂ ಅಳಿದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಇಂಗ್ಲೆಂಡಿನಲ್ಲಿ ಮೊದಲೇ ನಡೆದ ವಾಗ್ವಾದವು ನಮ್ಮಲ್ಲಿ ನಡೆದದ್ದು ಸಂವಿಧಾನ ಸಭೆಯಲ್ಲಿ. ಕಾನೂನಿನ ಯುಕ್ತಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಕೂಡದೆಂಬ ಅಮೆರಿಕದ ಮಾತು ಮೊದಲಲ್ಲಿ ಕರಡಿನಲ್ಲಿತ್ತು. ಸಂವಿಧಾನ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡದ ಬೆನಗಲ್ ನರಸಿಂಗರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡು, ಆ ಮಾತು ನ್ಯಾಯಾಧೀಶರಿಗೆ ಶಾಸನಸಭೆಯ ಮೇಲೆ ಮಿತಿಮೀರಿದ ಅಧಿಕಾರ ಕೊಡುವುದೆಂಬ ಅಭಿಪ್ರಾಯವನ್ನು ತಂದರು. ಅದರ ಬದಲಿಗೆ, ಕಾನೂನು ಗೊತ್ತುಮಾಡಿದ ಕ್ರಮವೆಂಬ ಮಾತು 21ನೆಯ ಅನುಚ್ಛೇದದಲ್ಲಿ ನಿಂತಿತು. ಮುನ್ಷಿಯವರೇ ಮೊದಲಾದವರು ಇದನ್ನು ಒಪ್ಪಲಿಲ್ಲ. ಶಾಸನಸಭೆಯೇ ಅನ್ಯಾಯದ ಕ್ರಮವನ್ನು ಗೊತ್ತುಮಾಡಿದರೆ ಗತಿಯೇನೆಂಬುದು ಅವರ ಪ್ರಶ್ನೆ. ಈ ಅತೃಪ್ತಿಯನ್ನು ಅರಿತ ಅಂಬೇಡ್ಕರರು 1949ರ ಸೆಪ್ಟೆಂಬರಿನಲ್ಲಿ ಮತ್ತೊಂದು ಅನುಚ್ಛೇದವನ್ನು ತಂದರು. ಹಿಡಿದವನಿಗೆ ಕಾರಣ ತಿಳಿಸಬೇಕು, ವಕೀಲನನ್ನು ಕಾಣಗೊಡಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆದರೆ ಇದೇ 22ನೆಯ ಅನುಚ್ಛೇದವು ವಿಚಾರಣೆಯಿಲ್ಲದ ಮುಂಜಾಗ್ರತೆಯ ಬಂಧನಕ್ಕೂ ಎಡೆಕೊಟ್ಟಿತು. ಪರಸರ್ಕಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆತು ಬಂದವರೇ ಈ ಅಧಿಕಾರವನ್ನು ಬರೆದರೆಂಬುದು ಯೋಚಿಸಬೇಕಾದ ವಿಷಯ. ವಿಭಜನೆಯ ರಕ್ತಪಾತವನ್ನು ಕಂಡಿದ್ದ ಅವರಿಗೆ ಬೇಲಿಯ ಅಗತ್ಯವೂ ಅಷ್ಟೇ ತೀವ್ರವಾಗಿ ಕಂಡಿತ್ತು. 1950ರಲ್ಲಿ ಗೋಪಾಲನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವು ಶಾಸನದ ಮಾತಿಗೇ ಕಟ್ಟುಬಿದ್ದಿತು. ನ್ಯಾಯಮೂರ್ತಿ ಫಜಲ್ ಆಲಿಯವರು ಭಿನ್ನಮತ ಬರೆದರು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ಆ ಕ್ರಮವು ನ್ಯಾಯವೂ ಯುಕ್ತವೂ ಆಗಿರಬೇಕೆಂದು ನ್ಯಾಯಾಲಯವು ತೀರ್ಮಾನಿಸಿ ಆ ಭಿನ್ನಮತದ ಕಡೆಗೆ ತಿರುಗಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ಸೋತ ವಾದ ಕೊನೆಗೆ ನಿಂತಿತು.

2006ರಲ್ಲಿ ಅದೇ ನ್ಯಾಯಾಲಯವು, ಪೋಲೀಸನ್ನು ಅಧಿಕಾರಸ್ಥರ ಅನುಚಿತ ಒತ್ತಡದಿಂದ ಬಿಡಿಸುವುದಕ್ಕೂ ಅದರ ಮೇಲಿನ ದೂರುಗಳನ್ನು ವಿಚಾರಿಸಲು ಪ್ರತ್ಯೇಕ ಪ್ರಾಧಿಕಾರಗಳನ್ನು ಏರ್ಪಡಿಸುವುದಕ್ಕೂ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಇವೆರಡನ್ನೂ ಒಟ್ಟಿಗೆ ಹೇಳಿದ್ದು ಉಚಿತವಾಗಿದೆ. ಮಂತ್ರಿಗೆ ಮಾತ್ರ ಅಂಜುವ ಪೋಲೀಸು ಪ್ರಜೆಗೆ ಅಪಾಯ. ಯಾರಿಗೂ ಅಂಜದ ಪೋಲೀಸು ಅದಕ್ಕಿಂತ ಹೆಚ್ಚಿನ ಅಪಾಯ. ಅವನು ಅಂಜಬೇಕಾದದ್ದು ಕಾನೂನಿಗೆ.

ಪೋಲೀಸಿನ ಅಧಿಕಾರವನ್ನು ಪ್ರಶ್ನಿಸುವವರನ್ನು ಕಳ್ಳರ ಗೆಳೆಯರೆಂದೂ, ಅದನ್ನು ಸಮರ್ಥಿಸುವವರನ್ನು ಸ್ವಾತಂತ್ರ್ಯದ ವೈರಿಗಳೆಂದೂ ಕರೆಯುವುದು ಸುಲಭ. ಚರಿತ್ರೆಯು ಇಬ್ಬರನ್ನೂ ಗೌರವದಿಂದ ಕೇಳಿಸಿಕೊಳ್ಳುವಂತೆ ನಮಗೆ ಹೇಳುತ್ತದೆ. ಇಬ್ಬರೂ ಕಾಯುತ್ತಿರುವುದು ಒಂದೇ ಹೊಲವನ್ನು. ಎಂಟಿಕನು ತನ್ನ ಬಾಗಿಲು ಒಡೆದವರನ್ನು ನ್ಯಾಯಸ್ಥಾನಕ್ಕೆ ಎಳೆಯದೆ ಮನೆಯಲ್ಲಿ ಕುಳಿತು ಗೊಣಗಿದ್ದರೆ ಕ್ಯಾಮ್ಡನ್ನನ ತೀರ್ಪು ಹುಟ್ಟುತ್ತಿರಲಿಲ್ಲ. ಅಧಿಕಾರಿಯನ್ನು ಕಂಡಾಗ ವಿನಯದಿಂದ, ಆದರೆ ಅಂಜದೆ, ಇದಕ್ಕೆ ಯಾವ ಕಾನೂನು ಆಧಾರವೆಂದು ಕೇಳುವ ಅಭ್ಯಾಸ ಪ್ರಜೆಗೆ ಬರಬೇಕು. ಕೇಳಿದವನ ಮೇಲೆ ಮುನಿಯದೆ ಅದನ್ನು ತೋರಿಸುವ ಅಭ್ಯಾಸ ಅಧಿಕಾರಿಗೆ ಬರಬೇಕು. ಇವೆರಡೂ ಬಂದ ದಿನ ನಮ್ಮ ಪೋಲೀಸು ನಿಜವಾಗಿ ನಮ್ಮದಾಗುತ್ತದೆ.