ಕಾಲುವೆಯ ಕೊನೆಭಾಗ

ಹೈದರಾಬಾದಿನ ನಮ್ಮ ಮನೆಯಲ್ಲಿ ಬೇಯುವ ಸೋನಾ ಮಸೂರಿ ಸಿಂಧನೂರಿನದು. ನನ್ನೂರು ಅದೇ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಮಾನ್ವಿ ಕಡೆ. 1953ರಲ್ಲಿ ಜಲಾಶಯದ ನೀರು ಹರಿಯತೊಡಗಿತು. ಆ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದವರು ಭತ್ತ ನಾಟಿ ಮಾಡಿದರು. ಕಪ್ಪುಮಣ್ಣಿನಲ್ಲಿ ನಿಂತ ನೀರು ಅಡಿಯ ಉಪ್ಪನ್ನು ಮೇಲಕ್ಕೆ ತಂದಿತು. ಸಾವಿರಾರು ಎಕರೆ ಸವಳು-ಜವಳಾಯಿತು. ಇತ್ತ ಹೂಳು ತುಂಬಿ, 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿಯಿತು. ಅಲ್ಲಿ ನೀರು ಹೆಚ್ಚಾಗಿ ಹೊಲ ಕೆಟ್ಟರೆ, ನಮ್ಮಲ್ಲಿ ನೀರು ತಲುಪದೆ ಒಣಗಿತು.

ನಮ್ಮೂರವರು ಗುಳೆ ಹೊರಟರು. ಇಲ್ಲಿ ಎದ್ದೇಳುತ್ತಿರುವ ಕಟ್ಟಡಗಳ ಬಳಿ ನಮ್ಮ ಮಾತು ಕೇಳಿಸುತ್ತದೆ. ಭತ್ತ ಹಾಕಿದವರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಆದರೆ ಅವರ ಅಕ್ಕಿಯನ್ನು ತಿಂಗಳಿಗೊಂದು ಚೀಲ ಕೊಳ್ಳುವವನು ನಾನೇ.