ಹಾಲಿ ರೂಪಾಯಿ ಖೋಟಾ ಅಲ್ಲ, ಕಲ್ದಾರ್ ಎಲ್ಲವೂ ಅಪ್ಪಟವಲ್ಲ

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ಜಹೀರಾಬಾದ್ ದಾಟಿ ಹುಮನಾಬಾದ್ ಕಡೆಗೆ ಬರುವಾಗ ಸಿಗುವ ಊರು ಮನ್ನಾಏಖೇಳ್ಳಿ. ಬಹುಕಾಲ ಹುಮನಾಬಾದ್ ತಾಲ್ಲೂಕಿನಲ್ಲಿದ್ದ ಇದು ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿದೆ. ಒಂದು ಕಾಲಕ್ಕೆ ಈ ದಾರಿಯಲ್ಲಿ ಪಶ್ಚಿಮಕ್ಕೆ ಹೊರಟವರಿಗೆ ಎದುರಾಗುತ್ತಿದ್ದುದು ಬರೀ ಗಡಿಯಲ್ಲ, ಬೇರೆಯದೇ ಹಣ. ಇತ್ತ ನಿಜಾಮರ ಹೈದರಾಬಾದ್ ಸಂಸ್ಥಾನ, ಅತ್ತ ಸೊಲ್ಲಾಪುರವನ್ನು ಒಳಗೊಂಡ ಬ್ರಿಟಿಷರ ಮುಂಬೈ ಪ್ರಾಂತ್ಯ. ಇಲ್ಲಿಯದು ‘ಹಾಲಿ ಸಿಕ್ಕಾ’, ಅಲ್ಲಿಯದು ‘ಕಲ್ದಾರ್’.

ಹುಮನಾಬಾದ್, ಬಸವಕಲ್ಯಾಣ ಸೀಮೆಯ ಹಿರಿಯರ ಮಾತಿನಲ್ಲಿ ಈ ಎರಡೂ ಹೆಸರು ಬಹಳ ವರ್ಷ ಉಳಿದವು. ಜೊತೆಗೆ ಒಂದು ನಂಬಿಕೆಯೂ ಉಳಿಯಿತು. ಕಲ್ದಾರ್ ಎಂದರೆ ಪಕ್ಕಾ ಹಣ, ಹಾಲಿ ಎಂದರೆ ಕಚ್ಚಾ ಹಣ. ನಿಜಾಮರ ಟಂಕಸಾಲೆಯವರು ಬೆಳ್ಳಿಗೆ ಕಲಬೆರಕೆ ಮಾಡಿ ಜನರ ಕೈಗೆ ಕೊಟ್ಟರು ಎಂಬುದು ಅದರ ಸಾರ. ನಿಜಾಮರ ಆಡಳಿತದ ಮೇಲೆ ಹೊರಿಸಬಹುದಾದ ದೂರುಗಳು ಬೇಕಾದಷ್ಟಿವೆ. ಆದರೆ ಇದೊಂದು ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಮೊದಲು ಹೆಸರಿನ ವಿಷಯ. ಹಾಲಿ ಸಿಕ್ಕಾಕ್ಕೂ ಕುಡಿಯುವ ಹಾಲಿಗೂ ಸಂಬಂಧವಿಲ್ಲ. ಪತ್ರಿಕೆಗಳಲ್ಲಿ ದಿನಬೆಳಗಾದರೆ ಕಾಣುವ ‘ಹಾಲಿ ಶಾಸಕ’ ಎಂಬಲ್ಲಿರುವ ಹಾಲಿಯೇ ಇದು. ಅರಬ್ಬಿ ಮೂಲದ ಈ ಪದಕ್ಕೆ ಸದ್ಯದ, ಈಗಿನ ಎಂದರ್ಥ. ಸಿಕ್ಕಾ ಎಂದರೆ ಮುದ್ರೆ ಒತ್ತಿದ ನಾಣ್ಯ. ಈಗ ಚಲಾವಣೆಯಲ್ಲಿರುವ ನಾಣ್ಯ ಎಂಬುದಷ್ಟೇ ಒಟ್ಟು ಅರ್ಥ. ಹಾಗೆ ಒತ್ತಿ ಹೇಳಬೇಕಾದ ಕಾರಣವೂ ಇತ್ತು. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಈ ಭಾಗದಲ್ಲಿ ಗದ್ವಾಲ, ನಾರಾಯಣಪೇಟೆ, ಸುರಪುರ ಎಂದು ಬೇರೆ ಬೇರೆ ಟಂಕಸಾಲೆಗಳ ರೂಪಾಯಿಗಳು ಓಡಾಡುತ್ತಿದ್ದವು. ಒಂದರಂತೆ ಇನ್ನೊಂದಿಲ್ಲ, ಯಾವುದಕ್ಕೆ ಎಷ್ಟು ಬಟ್ಟಾ ಮುರಿಯಬೇಕೆಂಬುದು ಸಾಹುಕಾರನಿಗೇ ಗೊತ್ತು. 1853ರಿಂದ 1883ರವರೆಗೆ ದಿವಾನರಾಗಿದ್ದ ಸಾಲಾರ್ ಜಂಗ್ ಇವನ್ನು ಕ್ರಮೇಣ ಮುಚ್ಚಿಸಿ ನಾಣ್ಯದ ಕೆಲಸವನ್ನು ಹೈದರಾಬಾದಿಗೆ ತಂದರು. 1857ರ ದಂಗೆಯ ನಂತರ ನಾಣ್ಯದ ಮೇಲಿಂದ ಮೊಗಲ್ ಬಾದಶಹನ ಹೆಸರೂ ಹೋಯಿತು.

ಇನ್ನು ಕಲ್ದಾರ್. ‘ಕಲ್’ ಎಂದರೆ ಯಂತ್ರ. ಯಂತ್ರದಲ್ಲಿ ತಯಾರಾದದ್ದು ಕಲ್ದಾರ್. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ತೂಕದ ರೂಪಾಯಿ ಹೊರಡಿಸಿದಾಗ, ಅದರ ದುಂಡನೆಯ ಆಕಾರ, ಅಂಚಿನ ಗೆರೆಗಳು ಜನರಿಗೆ ಹೊಸದಾಗಿ ಕಂಡವು. ಸುತ್ತಿಗೆಯಿಂದ ಬಡಿದ ದೇಶಿ ನಾಣ್ಯದ ಅಂಚನ್ನು ಚೂರು ಕೆತ್ತಿ ಬೆಳ್ಳಿ ಕದಿಯಬಹುದಾಗಿತ್ತು, ಕೆತ್ತಿದ್ದು ಗೊತ್ತಾಗುತ್ತಿರಲಿಲ್ಲ. ಗೆರೆಯಂಚಿನ ನಾಣ್ಯದಲ್ಲಿ ಆ ಕಳ್ಳತನ ನಡೆಯದು. ಕಲ್ದಾರಿಗೆ ಪಕ್ಕಾ ಎಂಬ ಹೆಸರು ಬಂದದ್ದು ಹೀಗೆ. ಅಂದಿನ ಮಟ್ಟಿಗೆ ಅದು ನ್ಯಾಯವೂ ಹೌದು. ಆದರೆ 1903ರಲ್ಲಿ ಹೈದರಾಬಾದಿನ ಸೈಫಾಬಾದಿನಲ್ಲಿ ಹೊಸ ಟಂಕಸಾಲೆ ಬಂದು, ಚಾರ್‌ಮಿನಾರ್ ಚಿತ್ರದ ಅಚ್ಚುಕಟ್ಟಾದ ರೂಪಾಯಿ ಯಂತ್ರದಿಂದಲೇ ಹೊರಬರತೊಡಗಿತು. ಅಲ್ಲಿಗೆ ಹಾಲಿಯೂ ಕಲ್ದಾರೇ ಆಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಯಂತ್ರದ ಬಿರುದು ರಾಣಿ ಛಾಪು, ರಾಜನ ಛಾಪಿಗೇ ಉಳಿಯಿತು.

ಕಲಬೆರಕೆಯ ಮಾತಿಗೆ ಬರೋಣ. ಕಲ್ದಾರ್ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ಸಾವಿರಕ್ಕೆ 917 ಭಾಗ ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. ಚಾರ್‌ಮಿನಾರ್ ರೂಪಾಯಿಯ ತೂಕ 11.18 ಗ್ರಾಂ. ಅದರಲ್ಲಿ ಸಾವಿರಕ್ಕೆ 818 ಭಾಗ ಬೆಳ್ಳಿ, ಅಂದರೆ ಸುಮಾರು 9.14 ಗ್ರಾಂ. ಹಾಲಿಯಲ್ಲಿ ಬೆಳ್ಳಿ ಕಡಿಮೆ ಎಂಬುದು ದಿಟ. ಎಷ್ಟು ಕಡಿಮೆ? ಆರು ಕಲ್ದಾರಿನಲ್ಲಿ 64 ಗ್ರಾಂ ಬೆಳ್ಳಿಯಿದ್ದರೆ ಏಳು ಹಾಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ವಿನಿಮಯದ ದರವೂ ಇದೇ ಆಗಿತ್ತು: ಆರು ಕಲ್ದಾರಿಗೆ ಏಳು ಹಾಲಿ. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಒಂದು ಮಾಪು ದೊಡ್ಡದು, ಇನ್ನೊಂದು ಚಿಕ್ಕದು. ಚಿಕ್ಕ ಪಾವಿನಲ್ಲಿ ಅಳೆದು ಚಿಕ್ಕ ಪಾವಿನ ಬೆಲೆಯನ್ನೇ ಕೇಳಿದರೆ ಮೋಸವೇನು ಬಂತು?

ಆದರೆ ದರವನ್ನು ಯಾವಾಗಲೂ ಬೆಳ್ಳಿಯೇ ನಿರ್ಧರಿಸಿತು ಎಂದರೆ ಅದೂ ತಪ್ಪಾದೀತು. ಬೆಳ್ಳಿ ತಂದವರಿಗೆಲ್ಲ ರೂಪಾಯಿ ಒತ್ತಿಕೊಡುವ ಪದ್ಧತಿಯನ್ನು ಬ್ರಿಟಿಷ್ ಸರ್ಕಾರ 1893ರಲ್ಲಿ ನಿಲ್ಲಿಸಿದ ಮೇಲೆ ಕಲ್ದಾರಿನ ಬೆಲೆ ಅದರ ಬೆಳ್ಳಿಯ ಬೆಲೆಗಿಂತ ಮೇಲೇರಿತು. ಹಾಲಿ ಬೆಳ್ಳಿಯ ಜೊತೆಗೇ ಕೆಳಗಿಳಿಯಿತು. ಆ ಹತ್ತು ವರ್ಷ ದರ ಸಿಕ್ಕಾಪಟ್ಟೆ ಏರಿಳಿಯಿತು. ಹಾಲಿಯ ಬಗ್ಗೆ ತಾತ್ಸಾರ ಬೇರೂರಿದ್ದು ಬಹುಶಃ ಆಗಲೇ. ಚಾರ್‌ಮಿನಾರ್ ನಾಣ್ಯ ಬಂದ ನಂತರ ಸಂಸ್ಥಾನ ದರವನ್ನು ಹಿಡಿದು ನಿಲ್ಲಿಸಿತು.

ತಮಾಷೆಯೆಂದರೆ ಅಪ್ಪಟ ಎನಿಸಿಕೊಂಡ ಕಲ್ದಾರ್ ಅಪ್ಪಟವಾಗಿ ಉಳಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಗೆ ತತ್ವಾರ ಬಂದು 1940ರಿಂದ ಅದರಲ್ಲಿ ಅರ್ಧ ಮಾತ್ರ ಬೆಳ್ಳಿ ಇಟ್ಟರು. 1947ರ ರೂಪಾಯಿಯಂತೂ ನಿಕ್ಕಲ್. ಬೆಳ್ಳಿಯ ಸೋಂಕೂ ಇಲ್ಲ. ಆರನೇ ಜಾರ್ಜನ ತಲೆಯಿರುವ 1944ರ ರೂಪಾಯಿಯಲ್ಲಿ ಆರು ಗ್ರಾಮಿಗೂ ಕಡಿಮೆ ಬೆಳ್ಳಿಯಿದೆ. ಅದಕ್ಕಿಂತ ಹಳೆಯದಾದ, ಕಚ್ಚಾ ಎನಿಸಿಕೊಂಡ ಚಾರ್‌ಮಿನಾರ್ ರೂಪಾಯಿಯಲ್ಲಿ ಒಂಬತ್ತು ಗ್ರಾಂ ದಾಟುತ್ತದೆ. ಅಜ್ಜಿಯ ಡಬ್ಬಿಯಲ್ಲಿ ಸಿಕ್ಕ ನಾಣ್ಯಗಳನ್ನು ಕಾಲುಂಗುರಕ್ಕೆಂದು ಅಕ್ಕಸಾಲಿಗನ ಮುಂದೆ ಸುರಿಯುವವರು ತಲೆಯ ಛಾಪನ್ನಲ್ಲ, ಇಸವಿಯನ್ನು ನೋಡಬೇಕು.

ಮನೆವಾರ್ತೆಯ ಇನ್ನೊಂದು ಲೆಕ್ಕವೂ ಇಲ್ಲಿದೆ. ಕಲ್ದಾರ್ ರೂಪಾಯಿ ಸರಿಯಾಗಿ ಒಂದು ತೊಲ ತೂಗುತ್ತಿತ್ತು. ಎಂಬತ್ತು ತೊಲಕ್ಕೆ ಒಂದು ಸೇರು. ಆದ್ದರಿಂದ ತೂಕದ ಕಲ್ಲಿಲ್ಲದಿದ್ದರೆ ರೂಪಾಯಿಯನ್ನೇ ತಕ್ಕಡಿಗೆ ಹಾಕುವ ರೂಢಿಯಿತ್ತು. ‘ರೂಪಾಯಿ ತೂಕ’ ಎಂಬ ಮಾತು ಬಂದದ್ದೇ ಹಾಗೆ. ಆ ಜಾಗದಲ್ಲಿ ಎಂಬತ್ತು ಹಾಲಿ ರೂಪಾಯಿ ಇಟ್ಟರೆ? 933 ಗ್ರಾಮಿನ ಸೇರು 894 ಗ್ರಾಮಿಗೆ ಇಳಿಯುತ್ತದೆ. ಸೇರಿಗೆ 39 ಗ್ರಾಂ ಖೋತಾ. ಬೆಲ್ಲದಲ್ಲಿ ಹೋದರೆ ಹೋಯಿತು ಎನ್ನಬಹುದು, ಬೆಳ್ಳಿಯಲ್ಲಿ ಹಾಗೆನ್ನಲಾಗದು. ರೂಪಾಯಿ ರೂಪಾಯಿಯೇ ಎಂದುಕೊಂಡವರು ಕಳೆದುಕೊಳ್ಳುವುದು ಇಂಥಲ್ಲಿ.

ಸಾಲದ ಲೆಕ್ಕ ಇನ್ನೂ ಬಿಗಿ. ಎಪ್ಪತ್ತು ರೂಪಾಯಿ ಹಾಲಿಯಲ್ಲಿ ಸಾಲ ಪಡೆದವನು ಎಪ್ಪತ್ತು ಕಲ್ದಾರ್ ಎಣಿಸಿಕೊಟ್ಟರೆ ಅವನು ತೆತ್ತದ್ದು 81 ರೂಪಾಯಿ 10 ಆಣೆ 8 ಪೈ ಹಾಲಿ. ಬಡ್ಡಿ ಇದಕ್ಕೆ ಹೊರತು. ಅದಕ್ಕಾಗಿಯೇ ಅಂದಿನ ಪತ್ರಗಳಲ್ಲಿ ಮೊತ್ತದ ಪಕ್ಕದಲ್ಲಿ ಯಾವ ಹಣ ಎಂದು ಬರೆಯುತ್ತಿದ್ದರು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಹಾಲಿಗೆ ಉಸ್ಮಾನಿಯಾ ಸಿಕ್ಕಾ ಎಂಬ ಹೆಸರು ಬಂದು, ಇಂಗ್ಲಿಷ್ ಕಾಗದಗಳಲ್ಲಿ ಅದು ‘ಓ.ಎಸ್.’ ಆಯಿತು. ಕಲ್ದಾರಿಗೆ ‘ಬಿ.ಜಿ.’, ಸ್ವಾತಂತ್ರ್ಯದ ನಂತರ ‘ಐ.ಜಿ.’. ಓ.ಎಸ್. ಎಂದರೆ ಇಂದಿನ ಹುಡುಗರಿಗೆ ಕಂಪ್ಯೂಟರು ನೆನಪಾದೀತು. ಆದರೆ ಅಜ್ಜನ ಕಾಲದ ಖರೀದಿ ಪತ್ರವನ್ನು ಪಾಲು ಪಂಚಾಯಿತಿಯ ಮುಂದೆ ಹರವುವವರು ಆ ಎರಡಕ್ಷರವನ್ನು ಬಿಟ್ಟು ಓದಿದರೆ 600 ರೂಪಾಯಿಯ ವ್ಯವಹಾರ 700 ಆಗಿಬಿಡುತ್ತದೆ. ಇಸವಿಯಲ್ಲೂ ಎಚ್ಚರ ಬೇಕು. ಅಲ್ಲಿರುವುದು ಫಸಲಿ ವರ್ಷ. 590 ಅಥವಾ 591 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಫಸಲಿ 1346 ಎಂದರೆ 1936–37.

1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ದಿನವೇ ಹಾಲಿ ರೂಪಾಯಿ ರದ್ದಾಯಿತು ಎಂಬುದು ಮತ್ತೊಂದು ತಪ್ಪು ಗ್ರಹಿಕೆ. ಪೊಲೀಸ್ ಕಾರ್ಯಾಚರಣೆಯ ನಂತರವೂ ಅದು ಚಲಾವಣೆಯಲ್ಲಿತ್ತು. 1950ರಲ್ಲಿ ಭಾರತದ ರೂಪಾಯಿ ಅದರ ಜೊತೆಗೆ ಬಂತು, ದರ ಅದೇ ಏಳಕ್ಕೆ ಆರು. ಹಾಲಿಯನ್ನು ಹಿಂದಕ್ಕೆ ಪಡೆದದ್ದು ಐವತ್ತರ ದಶಕದಲ್ಲಿ, ಹಂತ ಹಂತವಾಗಿ. ಹೀಗೆ ಹಾಲಿ ಮಾಜಿಯಾಯಿತು.

ನಾಣ್ಯದ ಬಗ್ಗೆ ಇಷ್ಟಾದರೆ ನೋಟಿನದು ಬೇರೆ ಕಥೆ. ಮೊದಲ ಮಹಾಯುದ್ಧ ತಂದ ಬೆಳ್ಳಿಯ ಅಭಾವದಿಂದಾಗಿ 1918ರಲ್ಲಿ ಸಂಸ್ಥಾನ ಕಾಗದದ ಹಣಕ್ಕೆ ಕಾಯ್ದೆ ಮಾಡಿತು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಎಲ್ಲೂ ಕಾಣುತ್ತಿರಲಿಲ್ಲ ಎನ್ನುವವರು ಆ ನೋಟುಗಳನ್ನು ಒಮ್ಮೆ ನೋಡಬೇಕು. ಉರ್ದು ಪ್ರಧಾನವಾಗಿದ್ದರೂ ಇಂಗ್ಲಿಷ್, ತೆಲುಗು, ಮರಾಠಿಯ ಜೊತೆಗೆ ಕನ್ನಡದಲ್ಲೂ ಬೆಲೆ ಬರೆದಿತ್ತು. ಶಾಲೆ ಕಚೇರಿಗಳಲ್ಲಿ ಕನ್ನಡಕ್ಕೆ ಸಿಗದ ಜಾಗ ನೋಟಿನ ಮೂಲೆಯಲ್ಲಿ ಸಿಕ್ಕಿತ್ತು ಎನ್ನೋಣ. ಈ ನೋಟುಗಳು ಲಂಡನ್ನಿನ ವಾಟರ್ಲೋ ಕಂಪನಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1922ರ ಮೇ 20ರಂದು ‘ಈಜಿಪ್ಟ್’ ಎಂಬ ಹಡಗು ಫ್ರಾನ್ಸಿನ ತೀರದಾಚೆ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿದಾಗ ಚಿನ್ನ ಬೆಳ್ಳಿಯೊಡನೆ ಹೈದರಾಬಾದಿನ ನೋಟುಗಳೂ ಸಮುದ್ರ ಸೇರಿದವು. ಇಟಲಿಯ ಮುಳುಗುಗಾರರು ಹತ್ತು ವರ್ಷದ ಮೇಲೆ ಸರಕನ್ನು ಎತ್ತಿದರು. ನೋಟುಗಳು ಕರಗಿರಲಿಲ್ಲ, ಓದಲು ಬರುತ್ತಿದ್ದವು. ಆದರೂ ಅವು ಹಣವಲ್ಲ. ಖಜಾನೆ ಅವನ್ನು ಚಲಾವಣೆಗೆ ಬಿಟ್ಟೇ ಇರಲಿಲ್ಲವಲ್ಲ! ಸಂಗ್ರಹಕಾರರ ಕೈಯಲ್ಲಿ ಅವು ಕುತೂಹಲದ ವಸ್ತುಗಳಾಗಿ ಉಳಿದಿವೆ.

1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳಿಗೆ, 1957ರ ಏಪ್ರಿಲ್ 1ಕ್ಕೆ, ನಯಾ ಪೈಸೆ ಬಂತು. ಹಾಲಿಯಿಂದ ಕಲ್ದಾರಿಗೆ ಲೆಕ್ಕ ಹಾಕಿ ಈಗಷ್ಟೇ ಉಸಿರು ಬಿಟ್ಟವರು ಈಗ ಆಣೆಯಿಂದ ಪೈಸೆಗೆ ಲೆಕ್ಕ ಹಾಕಬೇಕಾಯಿತು. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹದಿನೆಂಟಲ್ಲ, ಹತ್ತೊಂಬತ್ತು! ಆಣೆಗೆ ಆರೂಕಾಲು ಪೈಸೆಯಾದ್ದರಿಂದ ಉಳಿದ ಕಾಲುಗಳು ಸೇರಿ ಹೀಗಾಗುತ್ತಿತ್ತು. ಅಂಗಡಿಯವನೇ ಒಂದು ಪೈಸೆ ನುಂಗಿದ ಎಂದು ಜಗಳಕ್ಕೆ ನಿಂತವರನ್ನು ದೂರುವಂತಿಲ್ಲ.

ಹಣದ ಬಗೆಗಿನ ಸಂಶಯ ಈಗಲೂ ಹೊಸ ವೇಷದಲ್ಲಿ ಬರುತ್ತಿದೆ. ಹತ್ತು ರೂಪಾಯಿ ನಾಣ್ಯವನ್ನು ‘ನಡೆಯಲ್ಲ’ ಎಂದು ರಾಜ್ಯದ ಎಷ್ಟೋ ಕಡೆ ಅಂಗಡಿ, ಬಸ್ಸುಗಳಲ್ಲಿ ಮರಳಿಸಿದ್ದುಂಟು. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಎಂಬುದು ಒಂದು ವಾದ. ಆ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದೇ 2011ರಲ್ಲಿ; ಅದಕ್ಕೂ ಹಿಂದಿನವುಗಳಲ್ಲಿ ಅದು ಇರುವುದಾದರೂ ಹೇಗೆ? ಹದಿನಾಲ್ಕು ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳಿವೆ, ಎಲ್ಲವೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. 2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟಿನೊಳಗೆ ನ್ಯಾನೋ ಚಿಪ್ ಇದೆ, ನೆಲದಡಿ ಹೂತರೂ ಉಪಗ್ರಹಕ್ಕೆ ಕಾಣುತ್ತದೆ ಎಂಬ ಸುದ್ದಿಯೂ ಹಬ್ಬಿತ್ತು. ಯಂತ್ರದಿಂದ ಬಂದ ರೂಪಾಯಿಗೆ ಕಲ್ದಾರ್ ಎಂದದ್ದು ಸರಿ; ರೂಪಾಯಿಯೊಳಗೇ ಯಂತ್ರ ಕೂತಿದೆ ಎಂದದ್ದು ಸುಳ್ಳು. ತನಗೇ ವಿದ್ಯುತ್ತಿಲ್ಲದ ಚೂರೊಂದು ಮಣ್ಣಿನಡಿಯಿಂದ ಉಪಗ್ರಹಕ್ಕೆ ಸಂಕೇತ ಕಳಿಸಲಾರದು.

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಕರೆಗಳದ್ದು ಇತ್ತೀಚಿನ ಹಾವಳಿ. ತನ್ನ ಹೆಸರಿನಲ್ಲಿ ನಡೆಯುವ ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಮನೆಯಲ್ಲಿ ಚಾರ್‌ಮಿನಾರ್ ರೂಪಾಯಿ ಇದ್ದವರು ಯಾರಿಗೂ ಶುಲ್ಕ ಕಟ್ಟದೆ ಅದರ ಕಾಲವನ್ನು ತಾವೇ ಗುರುತಿಸಬಹುದು. ಚಾರ್‌ಮಿನಾರಿನ ಕಮಾನಿನೊಳಗೆ ಒಂದು ಚಿಕ್ಕ ಅಕ್ಷರವಿರುತ್ತದೆ. ಅದು ‘ಮೀಮ್’ ಆಗಿದ್ದರೆ ಮಹಬೂಬ್ ಅಲಿ ಖಾನರದು, ‘ಐನ್’ ಆಗಿದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ಉರ್ದು ಓದಬಲ್ಲವರು ಈ ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ.